ಕೆಮ್ಮು ಬಿಟ್ಟ ಕಾರು

"ಇನ್ನೊಂದು ವಾರ! ಅಷ್ಟರೊಳಗೆ ಈ ಕಾರಿನ ಕೆಮ್ಮು ಬಿಡಿಸದಿದ್ರೆ ನನ್ನ ಹೆಸರು ಹಿಡಿದು ಕರೀಬೇಡ!" ಎಂದು ಅವನು ಎದೆ ತಟ್ಟಿಕೊಂಡು ಘೋಷಿಸಿದ.

ಅಡುಗೆಮನೆಯಿಂದ ಹೆಂಡತಿ ಕತ್ತನ್ನಷ್ಟೇ ಹೊರಗೆ ಹಾಕಿದಳು. "ನಾನು ಯಾವತ್ತು ನಿಮ್ಮ ಹೆಸರು ಹಿಡಿದು ಕರೆದಿದ್ದೀನಿ? 'ರೀ' ಅಂತಲೇ ತಾನೇ ಕೂಗೋದು?"

ಪ್ರತಿಜ್ಞೆ ಹೀಗೆ ಹೊಸಿಲಲ್ಲೇ ಎಡವಿದರೂ ಅವನು ಹಿಂದೆ ಸರಿಯುವ ಗಂಡಲ್ಲ. ಅವನು ಹಾಸಿಗೆ ಅಂಗಡಿಯ ಸೇಲ್ಸ್‌ಮನ್. ಬಿಲ್ಡಿಂಗಿನವರ ಬಾಯಲ್ಲಿ 'ಹಾಸಿಗೆ ಸಾಹೇಬ'. ಸುಮ್ಮನೆ ನೋಡಿಹೋಗಲು ಬಂದವರನ್ನು ಮೆತ್ತನೆಯ ಹಾಸಿಗೆಯ ಮೇಲೆ ಮಲಗಿಸಿ, ಬೆನ್ನುಮೂಳೆಯ ಬಗ್ಗೆ ಭಾಷಣ ಬಿಗಿದು, ಅವರು ಎದ್ದು ಕೂರುವಷ್ಟರಲ್ಲಿ ಬಿಲ್ಲು ಹರಿದು ಕೈಗಿಡುವುದರಲ್ಲಿ ನಿಸ್ಸೀಮ. ಎಂಜಿನ್ನಿನ ವಿಷಯದಲ್ಲಿ ಅವನಿಗೆ ತಿಳಿದಿದ್ದದ್ದು ಒಂದೇ: ಅದರೊಳಗೂ ಸ್ಪ್ರಿಂಗ್ ಇರುತ್ತದೆ. ಹಾಸಿಗೆಯೊಳಗೂ ಸ್ಪ್ರಿಂಗ್ ಇರುತ್ತದೆ. ನೆಂಟಸ್ತನಕ್ಕೆ ಇಷ್ಟು ಸಾಲದೇ!

ಕಾರು ಸೆಕೆಂಡ್ ಹ್ಯಾಂಡ್. ಮಧ್ಯಾಹ್ನ ನೋಡಿದರೆ ಪರಮ ಸಾಧು. ಆದರೆ ಚಳಿಯ ಬೆಳಗಿನಲ್ಲಿ ಕೀಲಿ ತಿರುಗಿಸಿದರೆ ಸಾಕು, ಹುಕ್ಕ ಸೇದುವ ಮುದುಕನಂತೆ ಖೊಕ್ ಖೊಕ್ ಎಂದು ಇಡೀ ಬೀದಿಗೆ ಕೇಳುವಂತೆ ಕೆಮ್ಮುತ್ತಿತ್ತು. ಕೆಮ್ಮಿ ಕೆಮ್ಮಿ ಹೊತ್ತಿಕೊಂಡ ಮೇಲಾದರೂ ಹೊರಡುತ್ತದೆಯೇ? ಆಕ್ಸಿಲರೇಟರ್ ಒತ್ತಿದರೆ 'ಹೋಗಲೋ ಬೇಡವೋ' ಎಂದು ತುಸು ಯೋಚಿಸಿ, ಗೇಟಿನ ನಟ್ಟನಡುವೆ ನಿಂತುಬಿಡುತ್ತಿತ್ತು.

ನಿಂತರೆ ನಿಲ್ಲಲಿ ಎನ್ನುವಂತಿರಲಿಲ್ಲ. ಹೆಂಡತಿಗೆ ಹಾಲಿನ ಡೈರಿಯ ಲ್ಯಾಬಿನಲ್ಲಿ ಬೆಳಗಿನ ಪಾಳಿ. ಹಾಲು ಪರೀಕ್ಷೆಯಾಗದೆ ಒಂದು ಲಾರಿಯೂ ಡೈರಿಯ ಗೇಟು ದಾಟುವಂತಿಲ್ಲ. ಅವಳ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ತಿಂಗಳ ಕೊನೆಗೆ ಅದರ ತೀರ್ಮಾನ, ತೀರ್ಮಾನ ಮಾಡುವವರು ಲ್ಯಾಬ್ ಮೇಡಂ. ಮೇಡಂ ಮನೆ ಇವರ ಬಿಲ್ಡಿಂಗಿನ ಬೆನ್ನಿಗೇ ನಿಂತ ಬಿಲ್ಡಿಂಗಿನಲ್ಲಿ. ಇವರಿಗೆ ಈ ಬಾಡಿಗೆ ಮನೆ ತೋರಿಸಿದ್ದೂ ಅವರೇ. ಹಾಗೆಂದು ಕಚೇರಿಯಲ್ಲಿ ದಾಕ್ಷಿಣ್ಯವಿಲ್ಲ.

"ಕೆಲಸದಲ್ಲಿ ನಿನಗೆ ಹೆಸರಿಡೋ ಹಾಗಿಲ್ಲ ಕಣಮ್ಮ," ಎಂದಿದ್ದರು ಮೇಡಂ. "ಆದ್ರೆ ನನ್ನನ್ನ ನೋಡು, ಒಂದು ದಿನವಾದ್ರೂ ಲೇಟಾಗಿ ಬಂದಿದ್ದೀನಾ? ಇನ್ನೊಂದು ಸಲ ನೀನು ಲೇಟಾದ್ರೆ ಖಾಯಂ ಮಾಡಿ ಅಂತ ನಾನು ಬರೆಯಲ್ಲ."

ಮೆಕ್ಯಾನಿಕ್ ಆಗಲೇ ಪ್ಲಗ್ಗು ಬದಲಾಯಿಸಿ, ಬ್ಯಾಟರಿ ಬದಲಾಯಿಸಿ, ಕೊನೆಗೆ "ಚಳಿಗೆ ಹಂಗೇ ಸಾರ್" ಎಂದು ತನ್ನ ಅಭಿಪ್ರಾಯವನ್ನೂ ಬದಲಾಯಿಸಿದ್ದ. ಆಗ ರಂಗಕ್ಕಿಳಿದವನೇ ನಮ್ಮ ಹಾಸಿಗೆ ಸಾಹೇಬ! ಮೂರು ರಾತ್ರಿ ವೀಡಿಯೋ ನೋಡಿದ. ಒಂದು ಕೇಬಲ್ ತರಿಸಿದ. ಲ್ಯಾಪ್‌ಟಾಪಿಗೆ ಅದೆಂಥದೋ ಸಾಫ್ಟ್‌ವೇರ್ ಇಳಿಸಿದ. ಭಾನುವಾರ ಬೆಳಿಗ್ಗೆ ಹೆಂಡತಿಯನ್ನು ಕೂರಿಸಿಕೊಂಡು ಪಾಠ ಶುರುಮಾಡಿದ.

"ನೋಡು, ಎಂಜಿನ್ನಿಗೊಂದು ಮಿದುಳು ಇರುತ್ತೆ. ಇಸಿಯು ಅಂತಾರೆ. ಪೆಟ್ರೋಲಿಗೆ ಕಿಡಿ ಯಾವಾಗ ಹಾಕಬೇಕು ಅಂತ ಹೇಳೋದು ಅದೇ. ಚಳಿಯಲ್ಲಿ ಪೆಟ್ರೋಲು ಬಲು ಸೋಮಾರಿ, ನಿಧಾನಕ್ಕೆ ಹೊತ್ತಿಕೊಳ್ಳುತ್ತೆ. ಅದಕ್ಕೇ ಕಿಡೀನ ಸ್ವಲ್ಪ ಮುಂಚೆ ಕಳಿಸಬೇಕು."

"ಅಂದ್ರೆ ನಿಮ್ಮನ್ನ ಬೆಳಿಗ್ಗೆ ಆರಕ್ಕೆ ಎಬ್ಬಿಸಬೇಕಾದ್ರೆ ನಾನು ಐದೂವರೆಯಿಂದ ಕೂಗ್ತೀನಲ್ಲ, ಹಾಗೆ."

"ಹೆಚ್ಚು ಕಡಿಮೆ ಹಾಗೇ," ಎಂದು ಅವನು ಒಪ್ಪಿಕೊಂಡ. "ಇಸಿಯು ಒಳಗೆ ಇದಕ್ಕೊಂದು ಟೇಬಲ್ ಇದೆ. ಚಳಿಗೆ ಇಷ್ಟು ಡಿಗ್ರಿ, ಬಿಸಿಗೆ ಇಷ್ಟು ಡಿಗ್ರಿ ಅಂತ. ನಾನು ಚಳಿಯ ಸಾಲಿಗೆ ನಾಲ್ಕೇ ನಾಲ್ಕು ಡಿಗ್ರಿ ಸೇರಿಸ್ತೀನಿ. ಕೆಮ್ಮು ಮಾಯ!"

"ಎಂಜಿನ್ನೇ ಮಾಯ ಆಗದಿದ್ರೆ ಸಾಕು."

ಸೇರಿಸಿದ. ಹಳೆಯ ಅಂಕಿಗಳ ಮೇಲೇ ಹೊಸವನ್ನು ಬರೆದು, ಗತ್ತಿನಿಂದ ಕೀಲಿ ತಿರುಗಿಸಿದ. ಸೈಲೆನ್ಸರಿನಿಂದ 'ಢಮಾರ್!' ಎಂದು ಬಂದ ಸದ್ದಿಗೆ ಕಾಂಪೌಂಡಿನ ಪಾರಿವಾಳಗಳೆಲ್ಲ ಒಂದೇ ಸಲ ಎದ್ದವು. ಕೆಳಗಿನ ಮನೆಯ ಗಡಿಯಾರದ ತಾತ, ಅಂದರೆ ಇಡೀ ಜನ್ಮ ಗಡಿಯಾರ ರಿಪೇರಿ ಮಾಡಿ ಈಗ ಕೈ ತೊಳೆದುಕೊಂಡು ಕೂತವರು, ಕೈಯಲ್ಲಿದ್ದ ಲೋಟ ಬೀಳಿಸಿಕೊಂಡು ಹೊರಗೆ ಬಂದರು.

"ಯುದ್ಧ ಯಾರ ಮೇಲಯ್ಯಾ?"

"ಏನಿಲ್ಲ ತಾತ, ಸಣ್ಣ ಲೆಕ್ಕದ ತಪ್ಪು."

ಲೆಕ್ಕದ ತಪ್ಪು ಸಣ್ಣದೇ. ಕೂಡುವ ಕಡೆ ಕಳೆದಿದ್ದ. ಕಿಡಿ ಮುಂಚೆ ಬರುವ ಬದಲು ಇನ್ನೂ ತಡವಾಗಿ, ಬೆಂಕಿಯೆಲ್ಲ ಸೈಲೆನ್ಸರಿನ ಕಡೆಗೆ ದೌಡಾಯಿಸಿತ್ತು! ಅಂಕಿ ತಿದ್ದಿದ. ಆದರೆ ಅಷ್ಟರಲ್ಲಿ ಎಂಜಿನ್ ಬೆಚ್ಚಗಾಗಿತ್ತು. ಚಳಿಯ ಕಾಯಿಲೆಗೆ ಕೊಟ್ಟ ಔಷಧಿ ಹಿಡಿಯಿತೋ ಇಲ್ಲವೋ ಎಂದು ನೋಡಲು ಎಂಜಿನ್ನಿಗೆ ಮತ್ತೆ ಚಳಿ ಹಿಡಿಯಬೇಕಲ್ಲ! ಬೆಳಗಿನವರೆಗೆ ಕಾಯುವ ತಾಳ್ಮೆ ಯಾರಿಗಿದೆ? ಮಲಗುವ ಕೋಣೆಯ ಟೇಬಲ್ ಫ್ಯಾನ್ ತಂದು ಬಾನೆಟ್ಟಿನ ಮುಂದಿಟ್ಟ. ಟವೆಲ್ ಒದ್ದೆ ಮಾಡಿ ಎಂಜಿನ್ನಿನ ಮೇಲೆ ಹೊದಿಸಿದ. ಫ್ರಿಜ್ಜಿನ ಐಸನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಮೇಲಿಟ್ಟ.

ಬಟ್ಟೆ ಒಣಹಾಕಲು ಬಂದ ಹೆಂಡತಿ ಸ್ವಲ್ಪ ಹೊತ್ತು ನಿಂತು ನೋಡಿದಳು. "ಹೋದ ತಿಂಗಳು ನನಗೆ ಜ್ವರ ಬಂದಾಗ ಒಂದು ಮಾತ್ರೆ ಕೊಟ್ಟು ಅಂಗಡಿಗೆ ಹೋದ್ರಿ. ಇದಕ್ಕೆ ಹಣೆಗೆ ಒದ್ದೆ ಬಟ್ಟೆ, ಮೇಲೆ ಗಾಳಿ! ಪಕ್ಕದಲ್ಲಿ ಕೂತು ಕೈ ಬೇರೆ ಹಿಡ್ಕೊಳ್ಳಿ."

ಅವನು ಕೇಳಿಸದವನಂತೆ ಫ್ಯಾನಿನ ವೇಗ ಹೆಚ್ಚಿಸಿದ.

ಸೋಮವಾರ ಬೆಳಿಗ್ಗೆ ಉಸಿರು ಬಿಟ್ಟರೆ ಹೊಗೆಯಾಗುವಂಥ ಚಳಿ. ಹೆಂಡತಿ ಇನ್ನೂ ತಲೆ ಬಾಚುತ್ತಿದ್ದಾಗಲೇ ಅವನು ಫೋನನ್ನು ಚಾರ್ಜಿಗೆ ಬಿಟ್ಟು ಕೆಳಗೆ ಓಡಿದ. ಕಣ್ಣು ಮುಚ್ಚಿ ಕೀಲಿ ತಿರುಗಿಸಿದ.

'ಮ್' ಎಂದಿತು ಕಾರು. ಅಷ್ಟೇ!

ಕೆಮ್ಮಿಲ್ಲ, ಕ್ಯಾಕರಿಕೆಯಿಲ್ಲ. ಎಂಜಿನ್ ನಡೆಯುತ್ತಿದೆಯೋ ಇಲ್ಲವೋ ಎಂದು ಅವನಿಗೇ ಅನುಮಾನ ಬಂದು, ಇಳಿದು ಹಿಂದೆ ಹೋಗಿ ಸೈಲೆನ್ಸರಿಗೆ ಅಂಗೈ ಹಿಡಿದು ನೋಡಿದ. ನಡೆಯುತ್ತಿತ್ತು! ಆಕ್ಸಿಲರೇಟರ್ ಮುಟ್ಟಿದರೆ ಕರೆದ ಕೂಡಲೇ ಬರುವ ಅಳಿಯನಂತೆ ಓಗೊಟ್ಟಿತು. ಅವನ ಎದೆ ಎಷ್ಟು ಉಬ್ಬಿತೆಂದರೆ ಸೀಟ್ ಬೆಲ್ಟ್ ಸಾಲದೆ ಬಂತು. ಹೆಂಡತಿ ಇಳಿದು ಬಂದಾಗ ಹೇಳಬೇಕಾದ ಮಾತುಗಳನ್ನು ಸಾಲಾಗಿ ಜೋಡಿಸಿಕೊಂಡ. ಹಾರ್ನ್ ಹೊಡೆಯೋಣವೆಂದರೆ, ಬೆಳಗಿನ ಹಾರ್ನಿನ ಬಗ್ಗೆ ತಾತ ಒಮ್ಮೆ ಗಂಟೆಗಟ್ಟಲೆ ಉಪದೇಶ ಮಾಡಿದ್ದರು. ಬರಲಿ ಬಿಡು, ನಿಧಾನವಾಗಿ ಬರಲಿ. ಕಾರು ಕೆಮ್ಮುವ ಹೊತ್ತೆಲ್ಲ ಇನ್ನು ಉಳಿತಾಯವೇ ತಾನೆ! ಹೀಟರ್ ಬೆಚ್ಚಗೆ ಊದುತ್ತಿತ್ತು. ಎಂಜಿನ್ 'ಮ್' ಎಂದು ಜೋಗುಳ ಹಾಡುತ್ತಿತ್ತು. ಹಗಲೆಲ್ಲ ನಿದ್ದೆ ಮಾರುವವನಿಗೆ ನಿದ್ದೆ ಬರಲು ಎಷ್ಟು ಹೊತ್ತು?

ಇತ್ತ ಮೇಲೆ ಹೆಂಡತಿ ಹೆಗಲಿಗೆ ಬ್ಯಾಗು ಹಾಕಿಕೊಂಡು ಮಂಚದ ತುದಿಯಲ್ಲಿ ಕೂತಿದ್ದಳು. ಆ ಮನೆಯ ಪದ್ಧತಿಯೇ ಅದು. ಅವನು ಮೊದಲು ಇಳಿದು ಕಾರು ಕೆಮ್ಮಿಸಬೇಕು. ಕೆಮ್ಮು ನಿಂತ ಮೇಲೆ ಅವಳು ಇಳಿಯಬೇಕು. ಕೆಮ್ಮು ಶುರುವೇ ಆಗಲಿಲ್ಲವಲ್ಲ! 'ಇನ್ನೂ ಡಿಗ್ರಿ ಎಣಿಸ್ತಿದ್ದಾರೆ' ಎಂದುಕೊಂಡು ಕ್ಷಣಹೊತ್ತು ಬೆನ್ನು ಒರಗಿಸಿದಳು. ಗಂಡ ಅಂಗಡಿಯಿಂದ ಆರಿಸಿ ತಂದ ಹಾಸಿಗೆ. ಬೆನ್ನುಮೂಳೆಯ ಬಗ್ಗೆ ಅವನು ಗಿರಾಕಿಗಳಿಗೆ ಹೇಳುತ್ತಿದ್ದದ್ದು ಸುಳ್ಳಲ್ಲವೆಂದು ಅಂದು ರುಜುವಾತಾಯಿತು.

ಕಾರಿನ ಕಿಟಕಿ ದಬದಬ ಬಡಿದ ಸದ್ದಿಗೆ ಅವನಿಗೆ ಎಚ್ಚರವಾಯಿತು. ಮುಖದ ಮೇಲೆ ಬಿಸಿಲು! ಹೊರಗೆ ಗಡಿಯಾರದ ತಾತ, ಒಂದೇ ಕಾಲಿಗೆ ಬೂಟು.

"ಏನಯ್ಯಾ, ಇವತ್ತು ನಿನ್ನ ಕಾರು ಕೆಮ್ಮಲೇ ಇಲ್ಲ?"

"ವಾಸಿ ಮಾಡ್ಬಿಟ್ಟೆ ತಾತ!"

"ಯಾರನ್ನ ಕೇಳಿ ವಾಸಿ ಮಾಡಿದೆ? ಮಗಳ ಊರಿನ ಮೊದಲನೇ ಬಸ್ಸು ಹೋಯ್ತು ನಂದು!"

"ನಿಮ್ಮ ಮನೇಲಿ ಗೋಡೆ ತುಂಬ ಗಡಿಯಾರ ಇವೆಯಲ್ಲ ತಾತ?"

"ಇವೆ. ಒಂದೊಂದೂ ಒಂದೊಂದು ಹೊತ್ತು ಹೇಳುತ್ತೆ. ಅದಕ್ಕೇ ಅಲ್ವೇನಯ್ಯಾ ನಿನ್ನ ಕಾರನ್ನ ನಂಬಿದ್ದು!"

ಅಷ್ಟರಲ್ಲಿ ಎರಡನೇ ಮಹಡಿಯ ಮೇಷ್ಟ್ರು ಅರ್ಧ ಗಡ್ಡ ಹೆರೆದ ಮುಖ ಹೊತ್ತು ಮೆಟ್ಟಿಲಿಳಿದು ಬಂದರು. ಅವರ ಹಿಂದೆ ಬಂದವಳು ಹೆಂಡತಿ. ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು. ಕೆನ್ನೆಯ ಮೇಲೆ ದಿಂಬಿನ ಕಸೂತಿ ಅಚ್ಚಾಗಿತ್ತು. ಅವಳು ಕಾರು ಹತ್ತಿ ಬಾಗಿಲನ್ನು ಧಡಾರೆಂದು ಎಳೆದುಕೊಂಡಳು.

ಕಾರು ನೀರಿನ ಮೇಲೆ ದೋಣಿ ಬಿಟ್ಟಂತೆ ಹೋಗುತ್ತಿತ್ತು. ಅವನಿಗೆ ತಡೆದುಕೊಳ್ಳಲಾಗಲಿಲ್ಲ.

"ಏನು ಸಲೀಸಾಗಿ ಹೋಗ್ತಿದೆ ನೋಡು. ಬರೀ ನಾಲ್ಕು ಡಿಗ್ರಿ..."

"ಇನ್ನೊಂದು ಸಲ ಡಿಗ್ರಿ ಅಂದ್ರೆ ಇಳಿದು ನಡ್ಕೊಂಡು ಹೋಗ್ತೀನಿ." ಅವಳು ವಾಚ್ ನೋಡಿಕೊಂಡಳು. "ಮೇಡಂ ಆಗಲೇ ಬಾಗಿಲಲ್ಲಿ ನಿಂತಿರ್ತಾರೆ. ನನ್ನ ಕೆಲಸ ಹೋಯ್ತು ರೀ."

ಅವನ ಉಬ್ಬಿದ ಎದೆ ಪಂಕ್ಚರ್ ಆಯಿತು.

ಡೈರಿಯ ಮುಂದೆ ಲಾರಿಗಳು ಸಾಲುಗಟ್ಟಿ ಹಾರ್ನ್ ಬಾರಿಸುತ್ತಿದ್ದವು. ವಾಚ್‌ಮನ್ ಓಡಿ ಬಂದ. "ಅಂತೂ ಒಬ್ರಾದ್ರೂ ಬಂದ್ರಲ್ಲಮ್ಮ! ಲ್ಯಾಬಿನ ಬೀಗಾನೇ ತೆಗೆದಿಲ್ಲ. ಮೇಡಂ ಪತ್ತೇನೇ ಇಲ್ಲ!"

ಹೆಂಡತಿ ಬಾಗಿಲ ಬಳಿ ಹೋಗಿ ನಿಂತಳೋ ಇಲ್ಲವೋ, ಒಂದು ಸ್ಕೂಟರ್ ಲಾರಿಗಳ ಸಂದಿಯಲ್ಲಿ ನುಗ್ಗಿಕೊಂಡು ಬಂತು. ಮೇಲೆ ಲ್ಯಾಬ್ ಮೇಡಂ. ಬಿಳಿ ಕೋಟು ಒಳಗಿನದು ಹೊರಗಾಗಿತ್ತು. ಅವರು ಅವಳನ್ನು ನೋಡಿದರು. ಅವಳು ಅವರ ಕೋಟನ್ನು ನೋಡಿದಳು.

"ಎಷ್ಟು ಹೊತ್ತಿಗೆ ಬಂದೆ?" ಎಂದರು ಮೇಡಂ, ಗಂಟಲು ಸರಿಮಾಡಿಕೊಂಡು.

"ನಿಮಗಿಂತ ಮುಂಚೆ ಮೇಡಂ."

ಒಬ್ಬ ಲಾರಿ ಡ್ರೈವರ್ ಕಿಸಕ್ಕೆಂದ. ಮೇಡಂ ಅವನನ್ನೊಮ್ಮೆ ದುರುಗುಟ್ಟಿ ನೋಡಿ, ಬೀಗದ ಕೈ ಅವಳತ್ತ ಎಸೆದು, ನೇರವಾಗಿ ಕಾರಿನ ಹತ್ತಿರ ಬಂದರು.

"ಇವ್ರೇ, ನಿಮ್ಮ ಕಾರಿಗೆ ಏನಾಯ್ತು?"

"ರಿಪೇರಿ ಆಯ್ತು ಮೇಡಂ," ಎಂದ ಅವನು, ಸಿಕ್ಕಿಬಿದ್ದ ಕಳ್ಳನಂತೆ.

"ಮೊದಲಿದ್ದ ಹಾಗೆ ಮಾಡಿ."

"ಅಲಾರಂ ಇಟ್ಕೊಂಡ್ರೆ..."

"ಅಲಾರಂ ತಲೆಗೊಂದು ಮೊಟಕಿ ಮತ್ತೆ ಮಲಗಬಹುದು. ನಿಮ್ಮ ಕಾರಿನ ತಲೆಗೆ ಮೊಟಕೋಕೆ ನನ್ನ ಕೈ ಎಟಕುತ್ತಾ? ನೋಡಿ, ತಿಂಗಳು ಮುಗಿಯೋವರೆಗೆ ನಾನು ಲೇಟಾಗದಿದ್ರೆ ಅವಳೂ ಲೇಟಾಗಿಲ್ಲ ಅಂತಲೇ ಲೆಕ್ಕ. ಇವತ್ತಿನದನ್ನ ಇಬ್ಬರೂ ಮರೆಯೋಣ."

ಅಂದು ಸಂಜೆ ಅವನು ಮತ್ತೆ ಕೇಬಲ್ ಸಿಕ್ಕಿಸಿ ಕೂತ. ಜಗತ್ತಿನಲ್ಲಿ ಎಷ್ಟು ಜನ ಸರಿಯಾಗಿರುವ ಕಾರನ್ನು ಕೆಡಿಸಲು ಬೆವರು ಸುರಿಸಿದ್ದಾರೋ! ಹಳೆಯ ಅಂಕಿಗಳನ್ನು ಎತ್ತಿಟ್ಟುಕೊಳ್ಳುವ ಬುದ್ಧಿ ಅವನಿಗೆ ಬಂದಿರಲಿಲ್ಲ. ಭಾನುವಾರ ಕೂಡಿ ಕಳೆದು ತಿದ್ದಿದ್ದರಲ್ಲಿ ಯಾವ ಅಂಕಿಗೆ ಎಷ್ಟು ಸೇರಿತ್ತೋ ಅವನಿಗೇ ನೆನಪಿಲ್ಲ. ಅಂದಾಜಿನ ಮೇಲೆ ಒಂದು ಡಿಗ್ರಿ ಕಳೆದರೆ ಕಾರು 'ಮ್' ಎನ್ನುತ್ತದೆ. ಇನ್ನೂ ಕಳೆದರೆ 'ಢಮಾರ್' ಎನ್ನುತ್ತದೆ. ನಡುವಿನ ಆ ಕೆಮ್ಮು ಮಾತ್ರ ಎಲ್ಲಿ ಅಡಗಿ ಕೂತಿತ್ತೋ, ಐಸು ಮುಗಿದರೂ ಸಿಗಲಿಲ್ಲ. ಎರಡನೆಯ ಢಮಾರಿಗೆ ಹೆಂಡತಿ ಲ್ಯಾಪ್‌ಟಾಪ್ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

"ಕಾರು ಅದರ ಪಾಡಿಗೆ ಇರ್ಲಿ. ಕೆಮ್ಮು ತಾನೇ ಬೇಕಾಗಿರೋದು? ಅದನ್ನ ಕಾರೇ ಕೆಮ್ಮಬೇಕು ಅಂತ ಎಲ್ಲಿದೆ?"

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅರ್ಥವಾಗದಿದ್ದರೇ ಚೆನ್ನಾಗಿತ್ತು ಎನಿಸಿತು.

ಮರುದಿನ ಬೆಳಗಿನ ಜಾವ ಹಾಸಿಗೆ ಸಾಹೇಬ ಮಫ್ಲರ್ ಸುತ್ತಿಕೊಂಡು ಕಾರಿನ ಪಕ್ಕ ನಿಂತು, ಎರಡು ಕೈಯನ್ನೂ ಬಾಯಿಗೆ ಅಡ್ಡ ಹಿಡಿದು ಶುರುಮಾಡಿದ. "ಖೊರ್ರ್... ಖೊರ್ರ್... ಖೊಕ್ ಖೊಕ್ ಖೊಕ್!"

ತಾತನ ಮನೆಯಲ್ಲಿ ದೀಪ ಹತ್ತಿತು. "ಗಂಟಲಿಂದ ಬರ್ತಿದೆ ಕಣಯ್ಯಾ, ಎದೆಯಿಂದ ಬರ್ಲಿ!"

ಎದೆಯಿಂದ ಕೆಮ್ಮಿದ. ಮೇಷ್ಟ್ರ ಮನೆಯಲ್ಲೂ ದೀಪ ಹತ್ತಿತು. ಹಿಂದಿನ ಬಿಲ್ಡಿಂಗಿನ ಆ ಒಂದು ಕಿಟಕಿ ಮಾತ್ರ ಕತ್ತಲು.

"ನಿಲ್ಲಿಸಬೇಡಿ ರೀ," ಎಂದು ಹೆಂಡತಿ ಮೇಲಿನಿಂದ ಪಿಸುಗುಟ್ಟಿದಳು. "ಮೇಡಂ ಎದ್ದಿಲ್ಲ!"

ಅವನು ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದ. ಕೊನೆಗೆ ಆ ಕಿಟಕಿ ಗೇಣುದ್ದ ತೆರೆಯಿತು.

"ಎಚ್ಚರ ಆಗಿದೆ ಇವ್ರೇ," ಎಂದಿತು ಕಂಬಳಿಯೊಳಗಿನ ದನಿ. "ಆದ್ರೆ ನಿಮ್ಮ ಕಾರು ಹೊರಡೋ ಮುಂಚೆ ಕೊನೇಲಿ ಒಂದು ಸಲ ಸೀನ್ತಿತ್ತು. ಅದು ಕೇಳಿದ ಮೇಲೇ ನಾನು ಏಳೋದು."

ಅವನು ಪಕ್ಕದಲ್ಲಿ 'ಮ್' ಎನ್ನುತ್ತ ನಿಂತಿದ್ದ ಕಾರನ್ನೊಮ್ಮೆ ನೋಡಿದ. ಆಮೇಲೆ ಜೇಬಿನಿಂದ ಕರ್ಚೀಫು ತೆಗೆದು, ಅದರ ತುದಿಯನ್ನು ಹೊಸೆದು, ಮೆಲ್ಲಗೆ ಮೂಗಿಗೆ ತುರುಕಿಕೊಂಡ.