ಕಡೆಯ ಫೋಟೋ ಹಕ್ಕಿಗೋ ಅಣಬೆಗೋ

ಸಿದ್ದಾಪುರದ ನಂದನ ಹೆಗಡೆಯ ಕ್ಯಾಮೆರಾದಲ್ಲಿ ಒಂದೇ ಒಂದು ಫೋಟೋಕ್ಕಾಗುವಷ್ಟು ರೀಲು ಉಳಿದಿತ್ತು. ಶಿರಸಿಯ ಫೋಟೋ ಸ್ಪರ್ಧೆಗೆ ಮರುದಿನವೇ ಕೊನೆ. ಹಿತ್ತಿಲಲ್ಲಿ ನೋಡಿದರೆ ದಾಸವಾಳದ ಗಿಡದಲ್ಲಿ ಹಾಡುವ ಸೂರಕ್ಕಿ, ಗೊಬ್ಬರದ ರಾಶಿಯ ಮೇಲೆ ಗಂಟೆಯಂಥ ಬಿಳಿ ಅಣಬೆ. ಎರಡೂ ಚಂದವೇ.

"ಈ ಸಲನೂ ಬಹುಮಾನ ಬರದಿದ್ರೆ ಕ್ಯಾಮೆರಾ ನನ್ನ ತಮ್ಮಂಗೆ ಕೊಟ್ಬಿಡ್ತೆ, ನೋಡಿ," ಎಂದು ಹೆಂಡತಿ ಪರಿಮಳಾ ಬೆಳಿಗ್ಗೆಯೇ ತೀರ್ಪು ಕೊಟ್ಟಿದ್ದಳು. ಆ ತಮ್ಮ ಹಿಂದೆ ಒಯ್ದ ರೇಡಿಯೋ ತಿರುಗಿ ಬಂದಾಗ ಬರೀ ಡಬ್ಬಿಯಾಗಿತ್ತು.

ಬೇಲಿಯಾಚೆ ನಿವೃತ್ತ ಕಂಡಕ್ಟರ್ ಕೆರಿಯಪ್ಪನ ತಲೆ ಕಾಣಿಸಿತು. "ಹೆಗಡೇರೆ, ನಂದೊಂದು ತೆಗೀರಿ ಮಾರಾಯ್ರೆ. ಮಗಳು ಗೋಡೆಗೆ ಹಾಕ್ತಾಳಂತೆ."

"ಇರೋದೇ ಒಂದು. ಹಕ್ಕೀದೋ ಅಣಬೇದೋ ಅಂತ ತಲೆ ಕೆಟ್ಟೋಗಿದೆ."

"ಹಕ್ಕೀದೇ ತೆಗೀರಿ. ಅದು ಹಾಡ್ತದೆ!"

"ಫೋಟೋದಲ್ಲಿ ಹಾಡು ಕೇಳ್ತದಾ?"

ಅಣಬೆಗೆ ಕಾಲಿಲ್ಲ, ಎಲ್ಲಿಗೂ ಹೋಗದು, ಮೊದಲು ಹಕ್ಕಿಯನ್ನೇ ನೋಡೋಣ ಎಂದುಕೊಂಡ ನಂದನ. ಹಕ್ಕಿಯೋ ನಿಂತಲ್ಲಿ ನಿಲ್ಲದ ಜಾತಿ. ಅವನು ಬಗ್ಗಿದರೆ ಪೇರಲೆಗೆ, ಎದ್ದರೆ ದಾಸವಾಳಕ್ಕೆ. ಮಧ್ಯಾಹ್ನದವರೆಗೆ ಕುಣಿದು, ಎರಡು ಸಲ ಜಾರಿಬಿದ್ದು, ಸೋತು ಅಣಬೆಯತ್ತ ತಿರುಗಿದರೆ ಅದು ಕರಗಿ ಕಪ್ಪು ಮಸಿಯಾಗಿ ತೊಟ್ಟಿಕ್ಕುತ್ತಿತ್ತು!

"ನಾ ಏನೂ ಮಾಡ್ಲಿಲ್ರಿ! ಮುಟ್ಟಿ ನೋಡ್ದೆ, ಅಷ್ಟೇ," ಎಂದ ಕೆರಿಯಪ್ಪ. ಬೇಲಿ ದಾಟಿ ಬಂದಿದ್ದ ಅವನು ಗಾಬರಿಯಲ್ಲಿ ಅದೇ ಬೆರಳಿನಿಂದ ತನ್ನ ಬಿಳಿ ಮೀಸೆ ತಿಕ್ಕಿಕೊಂಡ.

ಅಷ್ಟರಲ್ಲಿ ಸೂರಕ್ಕಿ ನಂದನನ ಮೂಗಿನೆದುರಿನ ಹೂವಿಗೇ ಬಂದು ಕೂತಿತು. ಅವನು ಉಸಿರು ಬಿಗಿಹಿಡಿದು ಒತ್ತಿಯೇಬಿಟ್ಟ.

ಮರುದಿನ ಶಿರಸಿಯ ಸ್ಟುಡಿಯೋದ ಅಫ್ರೋಜ್ ಫೋಟೋ ಕೈಗಿಟ್ಟು ನಕ್ಕ. "ನಿಮ್ಮ ಕ್ಯಾಮೆರಾಕ್ಕೆ ಹತ್ರದ್ದು ಕಾಣೋದಿಲ್ಲ ಹೆಗಡೇರೆ. ಹಕ್ಕಿ ಬರೀ ಹೊಗೆ. ಹಿಂದಿನ ಹೀರೋ ಮಾತ್ರ ಏನು ಕ್ಲಿಯರ್ರು!"

ಫೋಟೋದಲ್ಲಿ ಹಕ್ಕಿಯ ಹಿಂದೆ ಕೆರಿಯಪ್ಪ ಕಡುಗಪ್ಪು ಮೀಸೆಯಡಿ ಹಲ್ಲು ಕಿರಿಯುತ್ತಿದ್ದ.

ಬಹುಮಾನದ ಆಸೆ ಅಲ್ಲಿಗೇ ಮುಗಿಯಿತು. ಮುಖ ತೊಳೆದು ಮಸಿಯನ್ನೇ ಮರೆತಿದ್ದ ಕೆರಿಯಪ್ಪ ಮಾತ್ರ ಫೋಟೋ ಹಿಡಿದು ಕೇರಿಯೆಲ್ಲ ಸುತ್ತಿದ. "ಏನ್ ಕ್ಯಾಮೆರಾ ಅಂತೀರಿ! ವಯಸ್ಸೇ ಇಳಿಸ್ತದೆ!"

ಬೆಳಗಾಗುವಷ್ಟರಲ್ಲಿ ಗೇಟಿನಲ್ಲಿ ಬಿಳಿ ಮೀಸೆ, ಬಿಳಿ ತುರುಬುಗಳ ಸಾಲು. ಎಲ್ಲರ ಮುಂದೆ ಪರಿಮಳಾ ನಿಂತಿದ್ದಳು.

"ಕ್ಯಾಮೆರಾ ತಮ್ಮಂಗೆ ಕೊಡ್ತಿಲ್ಲೆ," ಎಂದು ನರೆಗೂದಲು ಸವರಿಕೊಂಡಳು. "ಹೊಸ ರೀಲಿಗೆ ದುಡ್ಡು ನಾ ಕೊಡ್ತೆ, ಮೊದಲು ನಂದೊಂದು ತೆಗೀರಿ. ಕೆರಿಯಪ್ಪಂದು ತೆಗೆದ ಹಾಂಗೇ ಬರವು."

ನಂದನ ಕ್ಯಾಮೆರಾ ಕೆಳಗಿಟ್ಟು, ಅಣಬೆ ಹುಡುಕಲು ಗೊಬ್ಬರದ ರಾಶಿಗೆ ಕೈಹಾಕಿದ. ಸೂರಕ್ಕಿ ದಾಸವಾಳದ ಮೇಲೆ ಒಂದಿಷ್ಟೂ ಅಲ್ಲಾಡದೆ ಕೂತು ಹಾಡುತ್ತಿತ್ತು.