ತಾಸಿಗೆ ನೂರಾ ಹತ್ತು ಮೈಲು ಓಡಿದ ಇಂಜಿನ್ ಸಾಹೇಬರ ಸನ್ನಿಧಿಗೆ

ಮಾನ್ಯರೇ,

ಧಾರವಾಡ ಸ್ಟೇಷನ್ನಿನಿಂದ ಅಳ್ನಾವರದ ಕಡೆಗೆ ಮುಂಜಾನೆಯ ಗಾಡಿಯನ್ನು ಎಳೆದೊಯ್ಯುವ, ಕರಿಯ ಮೈಯ, ಹಿತ್ತಾಳೆ ಕಟ್ಟಿನ ಇಂಜಿನ್ ಸಾಹೇಬರ ಸಮಸ್ತ ಚಕ್ರಗಳಿಗೂ ಬೈಲಹೊಂಗಲದ ಸತ್ಯಪ್ಪನ ನಮಸ್ಕಾರಗಳು. ತಮ್ಮ ಹೊಟ್ಟೆಯ ಮೇಲಿನ ನಂಬರು ಮಸಿಯಲ್ಲಿ ಮುಚ್ಚಿಹೋಗಿದ್ದರಿಂದ ಹೆಸರು ಹಿಡಿದು ಕರೆಯಲಾಗದೆ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಎದುರಿಗೆ ನಿಂತು ಮಾತಾಡುವ ಧೈರ್ಯ ನನಗೆ ಮನುಷ್ಯರ ಮುಂದೆಯೇ ಇಲ್ಲ. ತಾವಂತೂ ಸೀಟಿ ಊದುತ್ತೀರಿ.

ವಿಲಾಯತಿಯಲ್ಲಿರುವ ತಮ್ಮ ಬಂಧುವೊಬ್ಬರು ಇಳಿಜಾರಿನಲ್ಲಿ ತಾಸಿಗೆ ನೂರು ಮೈಲು ಓಡಿದರೆಂದೂ, ಇಲ್ಲ, ಅಷ್ಟು ಓಡಿಯೇ ಇಲ್ಲವೆಂದೂ ಅಲ್ಲಿಯ ಪಂಡಿತರು ಜಗಳವಾಡುತ್ತಿರುವ ಸುದ್ದಿಯನ್ನು ನಮ್ಮೂರ ಚಾವಡಿಯಲ್ಲಿ ಓದಿಸಿ ಕೇಳಿದ್ದೆವು. ಒಬ್ಬನೇ ಪ್ರಯಾಣಿಕ ಕೈಯಲ್ಲಿ ಗಡಿಯಾರ ಹಿಡಿದು ಅಳೆದನಂತೆ, ಆದ್ದರಿಂದ ನಂಬುವುದು ಹೇಗೆ ಎಂದು ತಕರಾರು. ಆ ಪ್ರಯಾಣಿಕನ ಮೇಲೆ ನನಗೆ ಆವತ್ತೇ ಕರುಣೆ ಹುಟ್ಟಿತ್ತು. ಅವನ ಗತಿ ನನಗೂ ಬರುತ್ತದೆಂದು ಮಾತ್ರ ಹೊಳೆದಿರಲಿಲ್ಲ.

ನಮ್ಮ ಬಂಡಿಯ ಅಚ್ಚು ಮುರಿದು, ಹೊಸ ಅಚ್ಚಿಗೆ ಮರ ತರಲು ನಾನು ಅಳ್ನಾವರಕ್ಕೆ ಹೊರಟು, ಜನ್ಮದಲ್ಲಿ ಮೊದಲ ಸಲ ತಮ್ಮ ಬೆನ್ನ ಹಿಂದೆ ಕುಳಿತದ್ದು ತಮಗೆ ನೆನಪಿರಲಿಕ್ಕಿಲ್ಲ. ನನಗೆ ನೆನಪಿದೆ, ಏಕೆಂದರೆ ತಾವು ಕಳಿಸಿದ ಕೆಂಡದ ಚೂರೊಂದು ನನ್ನ ಹೊಸ ಧೋತರದಲ್ಲಿ ಗುಂಡಗಿನ, ಬಹಳ ಚಂದದ ಒಂದು ತೂತು ಮಾಡಿದೆ. ಹೊರಡುವಾಗ ಸ್ಟೇಷನ್ನಿನ ದೊಡ್ಡ ಗಡಿಯಾರ ಸರಿಯಾಗಿ ಎಂಟು ಗಂಟೆ ತೋರಿಸಿತು. ದಾರಿಯಲ್ಲಿ ಇಪ್ಪತ್ತೆರಡು ಮೈಲುಗಲ್ಲು ಎಣಿಸಿದೆ. ಒಂದಕ್ಕೆ ಎಮ್ಮೆ ಅಡ್ಡ ನಿಂತಿತ್ತು, ಎಮ್ಮೆಯನ್ನು ನಂಬಿ ಅದನ್ನೂ ಸೇರಿಸಿದೆ. ಅಳ್ನಾವರದಲ್ಲಿ ಇಳಿಯುವಾಗ, ಎದುರಿಗೆ ಕುಳಿತಿದ್ದ ಧಾರವಾಡದ ಹಳೆಯ ಮಾಸ್ತರರಾದ ಕೃಷ್ಣಾಜಿಪಂತರನ್ನು ಹೊತ್ತೆಷ್ಟು ಎಂದು ಕೇಳಿದೆ. ಅವರು ಅಂಗಿಯ ಕಿಸೆಯಿಂದ ಬೆಳ್ಳಿಯ ಗಡಿಯಾರ ತೆಗೆದು ಎಂಟು ಗಂಟೆ ಹನ್ನೆರಡು ಮಿನಿಟು ಎಂದರು. ಹನ್ನೆರಡು ಮಿನಿಟಿಗೆ ಇಪ್ಪತ್ತೆರಡು ಮೈಲು, ಅಂದರೆ ಐದು ಪಟ್ಟಿಗೆ ಒಂದು ತಾಸು, ನೂರಾ ಹತ್ತು ಮೈಲು! ವಿಲಾಯತಿಯ ಬಂಧುವನ್ನು ತಾವು ಹತ್ತು ಮೈಲು ಹಿಂದೆ ಹಾಕಿದ್ದಿರಿ. ನನ್ನ ಕಣ್ಣಲ್ಲಿ ನೀರು ಬಂತು. ಅರ್ಧ ಹೆಮ್ಮೆಗೆ, ಅರ್ಧ ಹೊಗೆಗೆ.

ಆವರೆಗೆ ಸಂತೆಯಲ್ಲಿ ನಾಲ್ಕು ಜನರ ಮುಂದೆ ಬಾಯಿ ಬಿಡದ ನಾನು ಆ ವಾರ ಮೆಣಸಿನಕಾಯಿ ಚೀಲದ ಮೇಲೆ ಹತ್ತಿ ನಿಂತು ತಮ್ಮ ಕೀರ್ತಿಯನ್ನು ಸಾರಿದೆ. ನನ್ನ ಮಾತಿನ ಓಟಕ್ಕೆ ಮಾತ್ರ ಯಾರ ತಕರಾರೂ ಇಲ್ಲ. ಬೈಲಹೊಂಗಲದಲ್ಲಿ ನೂರಾ ಹತ್ತಿದ್ದದ್ದು ಕಿತ್ತೂರಿಗೆ ಹೋಗುವಷ್ಟರಲ್ಲಿ ನೂರೈವತ್ತಾಯಿತು, ಸವದತ್ತಿಯಲ್ಲಿ ಎರಡು ನೂರಾಗಿ ಪ್ರಯಾಣಿಕರ ಮೀಸೆಗಳು ಕಿವಿಯ ಹಿಂದಕ್ಕೆ ತಿರುಗಿದವು, ರಾಮದುರ್ಗದಲ್ಲಿ ಗಾಡಿ ಮೊದಲು ಬಂದು ಸೀಟಿ ಆಮೇಲೆ ಬಂತು. ನೇಸರಗಿಯ ಯಮನಪ್ಪ ನನ್ನನ್ನು ಕಂಡಲ್ಲೆಲ್ಲ, "ಏ ನೂರಾ ಹತ್ತ, ಸಾವಕಾಶ ನಡಿಯೋ, ಕಾಲಾಗಿನ ಕೆರಕ್ಕ ಬೆಂಕಿ ಹತ್ತೀತು!" ಎಂದು ಕೂಗುತ್ತಾನೆ. ಸತ್ಯಪ್ಪನೆಂಬ ನನ್ನ ಹೆಸರನ್ನು ನೆನೆದು ನಗುವವರು ಬೇರೆ.

ನಕ್ಕರೆ ನಗಲಿ ಎಂದು ಸುಮ್ಮನಿರಬಹುದಿತ್ತು. ಆದರೆ ರಾಮದುರ್ಗದ ಕಡೆಯ ಕಟಕೋಳದ ಉಳವಪ್ಪನವರು ತಮ್ಮ ಮಗಳು ರಾಯವ್ವನನ್ನು ನನಗೆ ಕೊಡುವುದೆಂದು ಮಾತಾಗಿತ್ತು. ಸುದ್ದಿ ಅವರ ಕಟ್ಟೆಗೆ ಮುಟ್ಟಿದಾಗ, ನಾನು ಧಾರವಾಡದಲ್ಲಿ ಬಾಯಿಗೆ ಹಾಕಿದ ಎಲೆ ಅಡಿಕೆಯನ್ನು ಅಳ್ನಾವರದಲ್ಲಿ ಉಗುಳಿದೆನೆಂದೂ, ಅದು ಇನ್ನೂ ಕೆಂಪಗಾಗಿರಲಿಲ್ಲವೆಂದೂ ಆಗಿತ್ತು. ಉಳವಪ್ಪನವರು ಹೇಳಿ ಕಳಿಸಿದ ಮಾತನ್ನು ಹಾಗೆಯೇ ಬರೆಯುತ್ತೇನೆ: "ಇಂಥಾ ಬುರುಡಿ ಬಿಡಾವಗ ಮಗಳನ್ನ ಕೊಟ್ಟರ, ನಾಳಿ ನಮ್ಮನಿ ಎಮ್ಮಿ ಮೊಟ್ಟಿ ಇಟ್ಟೈತಿ ಅಂತಾನ. ಇಂಜಿನ್ನ ಸಾಕ್ಷಿ ಹೇಳಿದ್ರ ಬರ್ರಿ, ಇಲ್ಲಾಂದ್ರ ಲಗ್ನದ ಮಾತು ಬಿಡ್ರಿ."

ಆದ್ದರಿಂದಲೇ, ಸಾಹೇಬರೇ, ತಾವು ಒಂದು ಸಲ ಕಟಕೋಳದವರೆಗೆ ಪಾದ ಬೆಳೆಸಬೇಕೆಂದು ಬರೆಯಲು ನಾನು ಕಾಗದ ತಂದದ್ದು. ಹಳಿ ಇಲ್ಲವೆಂದು ಸಂಕೋಚ ಬೇಡ, ನಮ್ಮ ಬಂಡಿಗಳೂ ಹಳಿ ಇಲ್ಲದೆಯೇ ಬರುತ್ತವೆ. ಮುನವಳ್ಳಿಯ ಹತ್ತಿರ ಮಲಪ್ರಭೆಯನ್ನು ದಾಟುವಾಗ ಮಾತ್ರ ಬೆಂಕಿಯನ್ನು ತಲೆಯ ಮೇಲೆ ಹೊತ್ತುಕೊಳ್ಳಿ, ನವಿಲುತೀರ್ಥದ ನವಿಲುಗಳಿಗೆ ಸೀಟಿ ಊದಿ ಹೆದರಿಸಬೇಡಿ. ಬರಲಾಗದಿದ್ದರೆ ಒಂದು ಛಾಪಾ ಕಾಗದದ ಮೇಲೆ ಮುಂದಿನ ಎಡಚಕ್ರವನ್ನು ಒತ್ತಿ ಕಳಿಸಿದರೂ ಸಾಕು, ಹೆಬ್ಬೆಟ್ಟಿನ ಗುರುತು ನಮ್ಮ ಕಡೆ ನಡೆಯುತ್ತದೆ ಎಂದೆಲ್ಲ ಬರೆದಿದ್ದೆ.

ಅಷ್ಟರಲ್ಲಿ ರಾಯವ್ವನ ಸೋದರತ್ತೆ ಬಾಯವ್ವ ನಮ್ಮೂರಿಗೆ ಬಂದು, ಹುಡುಗಿ ಕೇಳಿದ ಒಂದು ಪ್ರಶ್ನೆಯನ್ನು ನನ್ನ ಕಿವಿಗೆ ಹಾಕಿದಳು: "ಹೊಂಡೂವಾಗ ನೋಡಿದ ಗಡಿಯಾಳಕ್ಕೂ ಇಳಿಯೂವಾಗ ನೋಡಿದ ಗಡಿಯಾಳಕ್ಕೂ ಪರಿಚಯ ಇತ್ತೇನು, ಕೇಳ ಅತ್ತಿ."

ನಾನು ಧಾರವಾಡಕ್ಕೆ ಓಡಿದೆ. ಸರಕಾರದವರು ಇಡೀ ದೇಶಕ್ಕೆ ಒಂದೇ ಹೊತ್ತು ಎಂದು ಇತ್ತೀಚೆಗೆ ಗಡಿಯಾರಗಳನ್ನೆಲ್ಲ ಅರ್ಧ ತಾಸು ಮುಂದೆ ತಿರುಗಿಸಿದ್ದು ತಮಗೆ ಗೊತ್ತೇ ಇದೆ. ತಮ್ಮ ಸ್ಟೇಷನ್ನಿನ ಗಡಿಯಾರವೂ ತಿರುಗಿತ್ತು. ಕೃಷ್ಣಾಜಿಪಂತರ ಬೆಳ್ಳಿಯ ಗಡಿಯಾರ ತಿರುಗಿರಲಿಲ್ಲ. ಕೇಳಿದ್ದಕ್ಕೆ ಅವರು ಕನ್ನಡಕ ಏರಿಸಿ, "ಸರಕಾರ ಹೇಳಿತಂತ ನನ್ನ ಅಂಗಳದಾಗ ಸೂರ್ಯ ಅರ್ಧಾ ತಾಸು ಲಗೂ ಹುಟ್ಟತಾನೇನೋ ತಮ್ಮಾ?" ಎಂದು ನನ್ನನ್ನೇ ಗದರಿಸಿದರು. ಅಂದರೆ ತಾವು ಓಡಿದ್ದು ಹನ್ನೆರಡು ಮಿನಿಟಲ್ಲ, ನಲವತ್ತೆರಡು ಮಿನಿಟು. ತಾಸಿಗೆ ನೂರಾ ಹತ್ತು ಮೈಲಲ್ಲ, ಮೂವತ್ತೊಂದಕ್ಕಿಂತ ತುಸು ಹೆಚ್ಚು. ಆ ತುಸುವನ್ನು ತಮ್ಮ ಸಮಾಧಾನಕ್ಕಾಗಿ ಬಿಟ್ಟುಕೊಟ್ಟಿದ್ದೇನೆ.

ಇಷ್ಟು ಸೂಕ್ಷ್ಮ ರಾಯವ್ವನಿಗೆ ಹೊಳೆದದ್ದು ಹೇಗೆಂದು ಬಾಯವ್ವನೇ ಹೇಳಿದಳು. ಕಟಕೋಳದ ಚಾವಡಿಯಲ್ಲಿ ತಾಸು ಬಡಿಯುವ ದುರ್ಗಪ್ಪ ಇನ್ನೂ ಹಳೆಯ ಹೊತ್ತಿನವನು. ಸವದತ್ತಿಯ ಕಚೇರಿ ಹೊಸ ಹೊತ್ತಿನದು. ಉಳವಪ್ಪನವರು ಕಚೇರಿಗೆ ಹೋದಾಗಲೆಲ್ಲ ಅರ್ಧ ತಾಸು ತಡವಾಗಿ ಬೈಸಿಕೊಳ್ಳುತ್ತಾರೆ. ತಿರುಗಿ ಬರುವಾಗ ಮಾತ್ರ, ಕಚೇರಿಯ ಗಡಿಯಾರದಲ್ಲಿ ಮೂರೂವರೆಗೆ ಬಂಡಿ ಹೂಡಿ ದುರ್ಗಪ್ಪ ಆರು ಬಡಿಯುವಾಗ ಮನೆಯ ಮುಂದೆ ಇಳಿಯುತ್ತಾರೆ. ಸವದತ್ತಿಯಿಂದ ಕಟಕೋಳಕ್ಕೆ ಎರಡೂವರೆ ತಾಸು! ಮೂರು ತಾಸಿಗೆ ಕಡಿಮೆ ಯಾರ ಎತ್ತೂ ಬಂದಿಲ್ಲವಾದ್ದರಿಂದ ಅವರ ಜೋಡೆತ್ತಿಗೆ ನಾಲ್ಕೂ ಸೀಮೆಯಲ್ಲಿ ಹೆಸರು, ಅವರ ರುಮಾಲಿಗೆ ಎರಡು ಸುತ್ತು ಹೆಚ್ಚು. ಆ ಎತ್ತುಗಳೂ, ಸಾಹೇಬರೇ, ತಮ್ಮಂತೆಯೇ ಅರ್ಧ ತಾಸು ನುಂಗಿದ ಪ್ರಾಣಿಗಳು.

ಕಟಕೋಳಕ್ಕೆ ಹೋಗಿ ಉಳವಪ್ಪನವರ ಮುಂದೆ ಕೈಕಟ್ಟಿ, ನಾನು ಸುಳ್ಳು ಹೇಳಲಿಲ್ಲ, ಎರಡು ಗಡಿಯಾರ ನೋಡಿ ಮೋಸಹೋದೆ ಎಂದು ಒಪ್ಪಿಕೊಂಡೆ. ಅವರು ಹೊಟ್ಟೆ ಹಿಡಿದು ನಕ್ಕು, "ಹಂಗಾರ ನೀ ಸುಳ್ಳ ಅಲ್ಲಪಾ, ಹುಚ್ಚ ಅದಿ. ಹುಚ್ಚ ಅಳಿಯಾ ನಡೀತಾನ!" ಎಂದರು. ಕೂಡಲೇ, "ವ್ಯಾಗ ಅಂದ್ರ ನಮ್ಮ ಎತ್ತಿಂದು ನೋಡು, ಎರಡೂವರಿ ತಾಸು!" ಎಂದು ಮೀಸೆ ತಿರುವಿದರು. ನನ್ನ ಬಾಯಿ ತೆರೆಯಿತು. ಒಳಗಿನಿಂದ ಬಳೆಗಳ ಸದ್ದು ಬಂತು, ಹಿಂದೆಯೇ ಬಾಯವ್ವ ಬೆಲ್ಲ ನೀರಿನ ತಂಬಿಗೆ ತಂದು ಇಟ್ಟು ಪಿಸುಗುಟ್ಟಿದಳು: "ನಿನ್ನ ಅರ್ಧಾ ತಾಸು ನೀ ಬಿಟ್ಟಿ, ಚಲೋ ಆತು. ಅಪ್ಪನ ಅರ್ಧಾ ತಾಸಿಗೆ ಲಗ್ನದ ಅಕ್ಕಿಕಾಳು ಬೀಳೂತನಕಾ ಕೈ ಹಚ್ಚಬ್ಯಾಡ ಅಂತ ರಾಯವ್ವ ಹೇಳ್ಯಾಳ." ತೆರೆದ ಬಾಯಿಗೆ ಬೆಲ್ಲ ಹಾಕಿಕೊಂಡೆ.

ಆದ್ದರಿಂದ ತಮ್ಮಲ್ಲಿ ನನ್ನ ಒಂದೇ ಅರಿಕೆ: ನಾನು ಸಂತೆಯಲ್ಲಿ ಕೊಟ್ಟ ಎಪ್ಪತ್ತೊಂಬತ್ತು ಮೈಲುಗಳ ಹೆಚ್ಚಿನ ಕೀರ್ತಿಯನ್ನು ತಾವು ದಯಮಾಡಿ ತಿರುಗಿ ಕೊಡಬೇಕು, ಯಮನಪ್ಪನ ಬಾಯಿ ಮುಚ್ಚಿಸಲು ಅದು ನನಗೆ ಬೇಕಾಗಿದೆ. ಲಗ್ನ ಬರುವ ಆದಿತ್ಯವಾರ, ದುರ್ಗಪ್ಪ ಹತ್ತು ಬಡಿಯುವಾಗ. ಯಾವ ಹೊತ್ತಿನವರು ಏನೆಂದರೂ ನಾನು ಅರ್ಧ ತಾಸು ಮೊದಲೇ ಬಂದು ಕುಳಿತಿರುತ್ತೇನೆ.

ಧೋತರದ ತೂತಿನ ಬಗ್ಗೆ ಯಾವ ದ್ವೇಷವೂ ಇಲ್ಲದ,
ತಮ್ಮ ವಿಶ್ವಾಸಿ,
ತಾಸಿಗೆ ಮೂರು ಮೈಲು ನಡೆಯುವ ಸತ್ಯಪ್ಪ
ಬೈಲಹೊಂಗಲ, ೧೯೦೬

ತಾ.ಕ.: ಲಕೋಟೆ ಅಂಟಿಸುವಾಗ ಹೊಳೆಯಿತು. ಎತ್ತುಗಳ ಗುಟ್ಟನ್ನು ಈ ಪತ್ರದಲ್ಲಿ ಪೂರ್ತಿ ಬರೆದುಬಿಟ್ಟಿದ್ದೇನೆ, ಉಳವಪ್ಪನವರು ಪತ್ರಿಕೆಯನ್ನು ತಪ್ಪದೆ ಓದಿಸಿ ಕೇಳುತ್ತಾರೆ. ಪತ್ರಿಕೆ ಬೆಳಗಾವಿಯಲ್ಲಿ ಶುಕ್ರವಾರ ಅಚ್ಚಾಗುತ್ತದೆ, ಅದರ ಕಟ್ಟನ್ನು ಧಾರವಾಡಕ್ಕೆ ಹೊತ್ತು ತರುವವರು ತಾವೇ, ಕಟಕೋಳಕ್ಕೆ ಅದು ಹೋಗುವುದು ಅಲ್ಲಿಂದಲೇ. ಆದಿತ್ಯವಾರ ಅಕ್ಕಿಕಾಳು ಬೀಳುವ ತನಕ ದಯಮಾಡಿ ಸಾವಕಾಶ ಬನ್ನಿ. ಈ ಒಂದು ವಿಷಯದಲ್ಲಿ ತಮ್ಮ ಮೇಲೆ ನನಗೆ ಪೂರ್ಣ ಭರವಸೆಯಿದೆ. ತಡವಾಗಿ ಬರುವುದರಲ್ಲಿ ತಮಗಿರುವ ಕೀರ್ತಿಯ ಬಗ್ಗೆ, ಹಳೆಯ ಗಡಿಯಾರದವರದೂ ಹೊಸ ಗಡಿಯಾರದವರದೂ ಈವರೆಗೆ ಯಾವ ತಕರಾರೂ ಇಲ್ಲ.