ಉಂಡು ಕೂತ ಕಪ್ಪೆ

ಕೆಲವರಿಗೆ ಬಸ್ಸು ತಪ್ಪುತ್ತಲೇ ಇರುತ್ತದೆ, ಕೆಲವರ ಕೊಡೆ ಕಳೆಯುತ್ತಲೇ ಇರುತ್ತದೆ. ನನಗೆ ಮಾತ್ರ ನಾನು ಬರೆದ ಚಿತ್ರಗಳಿಂದ ಮರ್ಯಾದೆ ಹೋಗುತ್ತಲೇ ಇತ್ತು. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನರಸಿಂಹರಾಜಪುರದಿಂದ ದಿನಾ ಕೊಪ್ಪಕ್ಕೆ ಬಸ್ಸಿನಲ್ಲಿ ಹೋಗಿ ಪಿಯುಸಿ ಓದುತ್ತಿದ್ದೆ. ಸೈನ್ಸ್ ತಗೊಂಡದ್ದು ಮನೆಯವರ ಆಸೆಗೆ. ನನ್ನ ಆಸೆ ಶಿವಮೊಗ್ಗದ ಚಿತ್ರಕಲಾ ಶಾಲೆ ಸೇರುವುದು.

ಅಪ್ಪ ಟೈಲರ್. ತಾನು ಹೊಲಿದ ಬಟ್ಟೆ ಎಲ್ಲಿ ಕಂಡರೂ ಗುರುತು ಹಿಡಿಯುತ್ತೇನೆ ಅನ್ನುವುದು ಅವನ ದೊಡ್ಡ ಹೆಮ್ಮೆ. ಶೃಂಗೇರಿಯಲ್ಲಿ ಊಟದ ಸಾಲಿನಲ್ಲಿ ನಿಂತಾಗಲೂ ಮುಂದಿನವನ ಕಾಲರ್ ಮುಟ್ಟಿ ನೋಡಿ, ಇದು ನನ್ನ ಕಟಿಂಗ್ ಅಂತ ಹೇಳಿಬಿಡುತ್ತಿದ್ದ. ಮುಂದಿನವನು ಬೆಚ್ಚಿ ತಿರುಗುತ್ತಿದ್ದ, ನಾನು ಅಪ್ಪ ಯಾರೋ ನನಗೆ ಗೊತ್ತೇ ಇಲ್ಲ ಎಂಬಂತೆ ಬೇರೆ ಕಡೆ ನೋಡುತ್ತಿದ್ದೆ.

ನಾನು ಚಿತ್ರ ಕಲಿತದ್ದು ಅವನ ಅಂಗಡಿಯಲ್ಲೇ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ. ಅಪ್ಪ ಮಧ್ಯಾಹ್ನ ಊಟ ಮುಗಿಸಿ ಬಂದು ಸ್ಟೂಲಿನ ಮೇಲೆ ಕಾಲು ಗಂಟೆ ಕೂರುತ್ತಿದ್ದ. ಎರಡೂ ಕೈ ಹೊಟ್ಟೆಯ ಮೇಲೆ, ಕಣ್ಣು ಅರ್ಧ ಮುಚ್ಚಿ, ತುಟಿ ಎಡಗಡೆಗೆ ಒಂಚೂರು ಮೇಲೆ. ಅಲ್ಲಾಡದೆ ಕೂರುವ ಮನುಷ್ಯ ನನಗೆ ಬೇರೆ ಯಾರೂ ಸಿಗುತ್ತಿರಲಿಲ್ಲ. ಹಾಗಾಗಿ ಐದನೇ ಕ್ಲಾಸಿನಿಂದ ನಾನು ನೋಡಿ ಬರೆದದ್ದು ಅವನನ್ನೇ.

ಚಿತ್ರಕಲಾ ಶಾಲೆಯ ಮಾತು ತೆಗೆದಾಗ ಅಪ್ಪ ಒಂದು ಷರತ್ತು ಹಾಕಿದ. ಪಕ್ಕದ ಬೀದಿಯಲ್ಲಿದ್ದ ರಿಟೈರ್ಡ್ ಡ್ರಾಯಿಂಗ್ ಮೇಷ್ಟ್ರು ಇವಳಿಗೆ ಯೋಗ್ಯತೆ ಇದೆ ಅಂತ ಒಂದು ಕಾಗದ ಬರೆದುಕೊಟ್ಟರೆ ಸರಿ, ಇಲ್ಲದಿದ್ದರೆ ಡಿಗ್ರಿ, ಬಿ.ಎಡ್., ಶಾಲೆ ಮೇಡಮ್ಮು. ನನ್ನ ಚಿತ್ರಗಳನ್ನೆಲ್ಲ ಕಟ್ಟಿಕೊಂಡು ಮೇಷ್ಟ್ರ ಮನೆಗೆ ಓಡಿದೆ. ಅವರು ಒಂದೊಂದಾಗಿ ನೋಡಿ ಕನ್ನಡಕ ತೆಗೆದಿಟ್ಟರು.

"ಕೈ ಕೂತಿದೆ. ಆದ್ರೆ ಇದ್ರಲ್ಲಿ ನೀನು ಎಲ್ಲಿದ್ದೀ? ಹೆಸರು ನೋಡದೆ ಇದು ಇವಳದ್ದೇ ಅಂತ ಯಾರಾದ್ರೂ ಒಬ್ರು ಹೇಳ್ಲಿ. ಆವತ್ತು ಕಾಗದ ಬರ್ಕೊಡ್ತೀನಿ."

ನನ್ನತನ ಹುಡುಕುವ ಕೆಲಸ ಅಲ್ಲಿಂದ ಶುರುವಾಯಿತು. ನನ್ನ ಗ್ರಹಚಾರವೂ.

ಸಿಂಹ

ಅಪ್ಪನ ತಂಗಿ, ನಮ್ಮ ಅತ್ತೆ, ಕಿಗ್ಗದ ಹತ್ತಿರ ಅಂಗನವಾಡಿ ಟೀಚರ್. ಅಲ್ಲಿನ ಮಕ್ಕಳಿಗೆ ಪಾಠಕ್ಕಿಂತ ಉಗ್ರಾಣದ ಬೆಲ್ಲದ ಡಬ್ಬಿಯ ಮೇಲೆ ಆಸಕ್ತಿ ಜಾಸ್ತಿ. ಉಗ್ರಾಣದ ಬಾಗಿಲ ಪಕ್ಕ ಒಂದು ಸಿಂಹ ಬರೆದುಕೊಡು, ಒಂದೂ ಆ ಕಡೆ ಹೋಗಬಾರದು, ಹಂಗಿರಬೇಕು ಅಂದರು.

ಎರಡು ದಿನ ಕೂತು ಆಳೆತ್ತರದ ಸಿಂಹ ಬರೆದೆ. ಕೇಸರ ಹಾರುತ್ತಿತ್ತು, ಹಲ್ಲು ನಾಲ್ಕೂ ಹೊರಗಿದ್ದವು, ಉಗುರಿಗೆ ಕೆಂಪು ಬಣ್ಣ ಕೊಟ್ಟಿದ್ದೆ. ನನಗೇ ಸ್ವಲ್ಪ ಭಯವಾಯಿತು. ಮೂರನೇ ದಿನ ಹೋಗಿ ನೋಡಿದರೆ ಎರಡು ಮಕ್ಕಳು ಸಿಂಹಕ್ಕೆ ಒರಗಿಕೊಂಡು ನಿದ್ದೆ ಮಾಡುತ್ತಿದ್ದವು. ಇನ್ನೊಂದು ಅದರ ಹೊಟ್ಟೆ ಸವರುತ್ತಿತ್ತು. ಬೆಲ್ಲದ ಡಬ್ಬಿ ಖಾಲಿ.

ಆ ವಾರವೇ ಸೂಪರ್‌ವೈಸರ್ ಮೇಡಂ ಬಂದರು. ಗೋಡೆ ನೋಡಿ ಖುಷಿಪಟ್ಟು, ನಾಲ್ಕು ವರ್ಷದ ಒಂದು ಹುಡುಗಿಯನ್ನು ಕರೆದು ಇದೇನು ಅಂತ ಕೇಳಿದರು. ಸಿಂಹ ಅಂದಳು. ಸಿಂಹ ಏನು ತಿನ್ನುತ್ತೆ ಪುಟ್ಟೀ ಅಂತ ಕೇಳಿದ್ದಕ್ಕೆ ಹುಡುಗಿ ಗೋಡೆಯನ್ನೊಮ್ಮೆ ತಿರುಗಿ ನೋಡಿ, "ಅದ್ರದ್ದು ಊಟ ಆಯ್ತು" ಅಂದಳು.

ಕುಂಬಳಕಾಯಿ

ಹೊಸ ಮನೆ ಕಟ್ಟಿದವರು ಮುಂಬಾಗಿಲಿಗೆ ಬೂದುಗುಂಬಳಕಾಯಿ ಕಟ್ಟುತ್ತಾರಲ್ಲ, ಕೆಂಗಣ್ಣು, ಮೀಸೆ, ಚಾಚಿದ ನಾಲಿಗೆ ಬರೆದು? ಕಂಡವರ ಕಣ್ಣು ಮನೆಗೆ ತಾಗದೆ ಅದಕ್ಕೆ ತಾಗಲಿ ಅಂತ. ಶೃಂಗೇರಿಯಲ್ಲಿ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲೇ ಒಬ್ಬರು ಮನೆ ಕಟ್ಟಿಸಿದ್ದರು. ಅಪ್ಪನ ಹಳೇ ಗಿರಾಕಿ. ಅಂಗಡಿಗೆ ಬಂದವರು ನಿಮ್ಮ ಮಗಳು ಬರೀತಾಳಂತಲ್ಲ, ಒಂದು ರಾಕ್ಷಸನ ಮುಖ ಮಾಡಿಕೊಡಲಿ ಅಂದರು.

ಸಿಂಹದ ಸೇಡು ರಾಕ್ಷಸನ ಮೇಲೆ ತೀರಿಸಿಕೊಂಡೆ. ಕಣ್ಣುಗುಡ್ಡೆ ಉಬ್ಬಿಸಿದೆ, ಮೀಸೆಯನ್ನು ಕಿವಿತನಕ ಎಳೆದೆ, ನಾಲಿಗೆಯಿಂದ ರಕ್ತವೂ ಸುರಿಯಿತು. ಇಂಥ ಉಗ್ರರೂಪ ಈ ತಾಲ್ಲೂಕಲ್ಲೇ ಇಲ್ಲ, ನೋಡಿದವರು ನನ್ನ ಹೆಸರು ಕೇಳಿಕೊಂಡೇ ಹೋಗುತ್ತಾರೆ ಅಂತ ನಂಬಿದ್ದೆ.

ಹದಿನೈದು ದಿನಕ್ಕೆ ಅವರು ಮತ್ತೆ ಬಂದರು. ಮುಖ ಸಪ್ಪಗಿತ್ತು. ಯಾರೂ ಹೆದರುತ್ತಿಲ್ಲವಾ ಅಂತ ನಾನೇ ಕೇಳಿದೆ. ಹೆದರುವುದು ಹಾಗಿರಲಿ ಮಾರಾಯ್ತಿ ಅಂತ ನಿಟ್ಟುಸಿರು ಬಿಟ್ಟರು. ಹೊರಗೂರಿನಿಂದ ಬಂದ ಯಾತ್ರಿಕರು ಆ ಮುಖ ನೋಡಿದವರೇ ಚಪ್ಪಲಿ ಬಿಟ್ಟು ಸೀದಾ ಒಳಗೆ ಬರುತ್ತಿದ್ದರಂತೆ. ಬಂದವರು ಕೇಳುತ್ತಿದ್ದುದು ಒಂದೇ ಮಾತು, ಊಟಕ್ಕೆ ಎಲೆ ಹಾಕಿದ್ದೀರಾ ಅಂತ.

ಮುಂದಿನ ವರ್ಷ ಅವರು ಮುಂದಿನ ಕೋಣೆಯಲ್ಲಿ ಮೆಸ್ ತೆಗೆದರು. ಚೆನ್ನಾಗಿ ನಡೆಯಿತು. ಕುಂಬಳಕಾಯಿ ಕೊಳೆತ ಮೇಲೆ ಅದೇ ಮುಖವನ್ನು ಬೋರ್ಡಿನ ಮೇಲೆ ಬರೆಸಿಕೊಂಡರು.

ಮಾಡರ್ನ್ ಆರ್ಟ್

ಕಣ್ಣು ಮೂಗು ಇದ್ದರೆ ತಾನೇ ಈ ತಾಪತ್ರಯ ಅಂದುಕೊಂಡು ಮಾಡರ್ನ್ ಆರ್ಟಿಗೆ ಇಳಿದೆ. ಅಪ್ಪನಿಂದ ಒಂದು ಖಾದಿ ಜುಬ್ಬ ಹೊಲಿಸಿಕೊಂಡು, ಹೆಗಲಿಗೆ ಬಟ್ಟೆ ಚೀಲ ಹಾಕಿ, ಒಂದು ತಿಂಗಳು ಯಾರ ಜೊತೆಗೂ ನಗಲಿಲ್ಲ. ಕೊಪ್ಪದ ಬಸ್ಸಿನ ಕಂಡಕ್ಟರ್ ನನಗೆ ಹುಷಾರಿಲ್ಲ ಅಂತ ತಿಳಿದು ಸೀಟು ಬಿಡಿಸಿಕೊಡುತ್ತಿದ್ದರು. ಆ ತಿಂಗಳ ಕೊನೆಗೆ ದೊಡ್ಡ ಹಾಳೆಯ ಮೇಲೆ ಮೂರು ತ್ರಿಕೋನ, ಒಂದು ವೃತ್ತ ಬರೆದು ಕೆಳಗೆ ಸಹಿ ಹಾಕಿದೆ.

ಅಮ್ಮ ಸೌಟು ಹಿಡಿದುಕೊಂಡೇ ಬಂದು ನೋಡಿದರು. ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, "ಇದ್ಯಾರೇ ಇವ್ರು, ಉಂಡು ಕೂತಿರೋದು?" ಅಂದರು.

ಶಿರಸ್ತೇದಾರರು

ಒಂದು ಕಚೇರಿಯಲ್ಲಿ ಶಿರಸ್ತೇದಾರರೊಬ್ಬರು ರಿಟೈರ್ ಆಗುವವರಿದ್ದರು. ಅವರು ನಕ್ಕದ್ದನ್ನು ಕಂಡವರಿಲ್ಲ. ಅವರ ಕೋಣೆಗೆ ಹೋಗುವ ಮೊದಲು ಗುಮಾಸ್ತರು ಶರ್ಟಿನ ಗುಂಡಿ ಸರಿಯಾಗಿದೆಯಾ ಅಂತ ನೋಡಿಕೊಳ್ಳುತ್ತಿದ್ದರಂತೆ. ಬೀಳ್ಕೊಡುಗೆಗೆ ಅವರ ಭಾವಚಿತ್ರ ಕೊಡುವುದೆಂದು ಸಿಬ್ಬಂದಿ ನಮ್ಮ ಮೇಷ್ಟ್ರನ್ನು ಕೇಳಿದ್ದರು. ಮೇಷ್ಟ್ರು ಆ ಕೆಲಸವನ್ನು ನನಗೆ ದಾಟಿಸಿದರು. ಇದು ಪರೀಕ್ಷೆ ಅಂತ ಅವರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ನನಗೆ ಗೊತ್ತಿತ್ತು.

ಚಿಕ್ಕದೊಂದು ಫೋಟೋ ನೋಡಿಕೊಂಡು ಮೂರು ವಾರ ಬರೆದೆ. ಹುಬ್ಬಿನ ಗಂಟು ಗಂಟಾಗಿಯೇ ಬಂತು. ಕೋಟು, ಟೋಪಿ, ಕಿವಿಯ ಮೇಲಿನ ಕೂದಲು ಎಲ್ಲವೂ ಅವರದ್ದೇ. ಸಭೆಯಲ್ಲಿ ಬಟ್ಟೆ ಸರಿಸಿದಾಗ ಎಲ್ಲರೂ ಚಪ್ಪಾಳೆಗೆ ಎತ್ತಿದ ಕೈಯನ್ನು ಅಲ್ಲೇ ನಿಲ್ಲಿಸಿದರು. ಪಟದಲ್ಲಿದ್ದ ಶಿರಸ್ತೇದಾರರು ಹೋಳಿಗೆ ಊಟ ಮುಗಿಸಿ ಎಲೆಯಡಿಕೆಗೆ ಕಾಯುತ್ತಿರುವವರ ಹಾಗೆ ಕೂತಿದ್ದರು. ನಿಜವಾದ ಶಿರಸ್ತೇದಾರರು ಪಟವನ್ನೇ ದುರುಗುಟ್ಟಿ ನೋಡುತ್ತಿದ್ದರು. ನಾನು ಬಾಗಿಲು ಎಷ್ಟು ದೂರ ಇದೆ ಅಂತ ನೋಡಿಕೊಂಡೆ.

ಆಗ ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ ಎದ್ದು ಬಂದು ಪಟವನ್ನು ಕೈಗೆ ತಗೊಂಡರು.

"ಮೂವತ್ತು ವರ್ಷ ನನ್ನ ಕೈ ಅಡಿಗೆ ಉಂಡಿದ್ದಾರೆ. ಒಂದ್ ದಿನ ಹಿಂಗೆ ಮುಖ ಮಾಡ್ಲಿಲ್ಲ. ಇದನ್ನ ನಾನು ಅಡಿಗೆಮನೇಲಿ ಹಾಕ್ಕೊಳ್ತೀನಿ."

ಸಭೆ ನಕ್ಕಿತು. ಶಿರಸ್ತೇದಾರರೂ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. ಇದು ಅವರಲ್ಲ, ನೀನೂ ಕಾಣುತ್ತಿಲ್ಲ, ಮತ್ತೆ ಇದು ಯಾರು ಅಂತ ಕೇಳಿದರು. ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತುಬಿಟ್ಟೆ. ಪಿಯುಸಿ ಪರೀಕ್ಷೆಗೆ ಎರಡು ತಿಂಗಳಿತ್ತು, ಬಿ.ಎಡ್. ಹತ್ತಿರ ಬರುತ್ತಿತ್ತು.

ಕಪ್ಪೆ

ಪಿಯುಸಿಯಲ್ಲಿ ಬಯಾಲಜಿಗೆ ರೆಕಾರ್ಡ್ ಪುಸ್ತಕ ಅಂತ ಒಂದಿತ್ತು. ಹೊಟ್ಟೆ ಸೀಳಿ ಹಲಗೆಗೆ ಸೂಜಿ ಚುಚ್ಚಿಟ್ಟ ಕಪ್ಪೆಯನ್ನು ನೋಡಿ, ಅದರ ಒಳಗಿನದನ್ನೆಲ್ಲ ಪೆನ್ಸಿಲ್ಲಿನಲ್ಲಿ ಬರೆದು ಹೆಸರು ಗುರುತಿಸಬೇಕು. ಕಪ್ಪೆ ಬರೆಯಲು ಬರುತ್ತಿದ್ದದ್ದು ಕ್ಲಾಸಿನಲ್ಲಿ ನನ್ನೊಬ್ಬಳಿಗೆ. ಹಾಗಾಗಿ ಇಪ್ಪತ್ತೆಂಟು ಜನರ ಕಪ್ಪೆಗಳನ್ನು ನಾನೇ ಬರೆದುಕೊಟ್ಟೆ, ಬದಲಿಗೆ ಅವರು ನನ್ನ ಮ್ಯಾಥ್ಸ್ ಲೆಕ್ಕಗಳನ್ನೆಲ್ಲ ಮಾಡಿಕೊಟ್ಟರು.

ಸಿಕ್ಕಿಬೀಳಬಾರದು ಅಂತ ನಾನು ತಗೊಂಡ ಕಾಳಜಿ ಸಾಮಾನ್ಯದ್ದಲ್ಲ. ಒಬ್ಬರದ್ದು ಗಾಢ, ಒಬ್ಬರದ್ದು ತಿಳಿ. ಒಬ್ಬರ ಕಪ್ಪೆ ಗುಂಡಗೆ, ಒಬ್ಬರದ್ದು ಉದ್ದಕ್ಕೆ. ಕ್ಲಾಸಿನ ಮಹಾ ಸೋಮಾರಿಯೊಬ್ಬನಿಗೆ ಒಂದು ಕಾಲನ್ನು ಬೇಕಂತಲೇ ಸೊಟ್ಟ ಬರೆದಿದ್ದೆ. ನಮ್ಮ ಲೆಕ್ಚರರ್ ಎಲ್ಲದಕ್ಕೂ ಕಣ್ಣುಮುಚ್ಚಿ ಸಹಿ ಹಾಕಿದರು.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಬೇರೆ ಊರಿನಿಂದ ಪರೀಕ್ಷಕರಾಗಿ ಒಬ್ಬ ಮೇಡಂ ಬಂದಿದ್ದರು. ಬೆಳಗ್ಗೆ ಬಂದವರೇ ರೆಕಾರ್ಡುಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಹತ್ತನೆಯದಕ್ಕೆ ನಿಲ್ಲಿಸಿ ಮತ್ತೆ ಮೊದಲನೆಯದನ್ನು ತೆಗೆದರು. ಆಮೇಲೆ ಎಲ್ಲವನ್ನೂ ಬಿಚ್ಚಿ ಮೇಜಿನ ತುಂಬ ಸಾಲಾಗಿ ಹರಡಿದರು. ಲೆಕ್ಚರರ್ ಬೆವರು ಒರೆಸಿಕೊಂಡು, ಎಲ್ಲರೂ ನೋಡಿ ಬರೆದದ್ದು ಒಂದೇ ಕಪ್ಪೆ ಮೇಡಂ, ಅದಕ್ಕೇ ಒಂದೇ ಥರ ಕಾಣುತ್ತದೆ ಅಂದರು.

"ಆ ಕಪ್ಪೆ ಹೊಟ್ಟೆ ಸೀಳುವಾಗ ಇಷ್ಟು ನೆಮ್ಮದಿಯಾಗಿತ್ತಾ ಸರ್?" ಅಂತ ಮೇಡಂ ಕೇಳಿದರು. ಆಮೇಲೆ ನಮ್ಮ ಕಡೆ ತಿರುಗಿದರು. "ಇಷ್ಟನ್ನೂ ಬರೆದಿರೋದು ಒಬ್ರೇ. ಹೆಸರು ನೋಡ್ಬೇಕಾಗಿಲ್ಲ."

ಹೆಸರು ನೋಡಬೇಕಾಗಿಲ್ಲ. ಮೇಷ್ಟ್ರು ಕೇಳಿದ್ದು ಇದೇ ಮಾತು. ಉಳಿದವರೆಲ್ಲ ನೆಲ ನೋಡುತ್ತಿದ್ದಾಗ ನಾನೊಬ್ಬಳು ಮುಖವರಳಿಸಿಕೊಂಡು ಎದ್ದು ನಿಂತೆ, ನಾನೇ ಮೇಡಂ ಅಂದೆ. ಗೆಳತಿಯರು ಇವಳೆಷ್ಟು ಧೈರ್ಯವಂತೆ ಅಂದುಕೊಂಡರು. ಧೈರ್ಯವೂ ಇಲ್ಲ ಎಂಥದ್ದೂ ಇಲ್ಲ, ಖುಷಿ ತಡೆಯಲಾಗಲಿಲ್ಲ ಅಷ್ಟೇ.

"ಮೇಡಂ, ಈಗ ಹೇಳಿದ್ರಲ್ಲ, ಅದನ್ನ ಒಂದು ಹಾಳೇಲಿ ಬರ್ದು ಸಹಿ ಹಾಕಿ ಕೊಡ್ತೀರಾ?"

ಮೇಡಂ ಲೆಕ್ಚರರ್ ಕಡೆ ತಿರುಗಿ, ಇವಳ ಮನೆಯವರನ್ನು ಕರೆಸಿ ಅಂದರು.

ಅಂಗಡಿ ಪಕ್ಕದ ಮೆಡಿಕಲ್ ಶಾಪಿಗೆ ಫೋನು ಹೋಯಿತು. ಮಗಳನ್ನು ಪರೀಕ್ಷೆಯಿಂದ ಹೊರಗೆ ಹಾಕುತ್ತಾರಂತೆ ಅಂತ ಅಪ್ಪನಿಗೆ ಸುದ್ದಿ ಮುಟ್ಟಿತ್ತಂತೆ. ಆದರೂ ಅಮ್ಮ ಬಡಿಸಿದ ಊಟ ಬಿಟ್ಟು ಏಳಲು ಬಿಡಲಿಲ್ಲ. ಉಂಡವನೇ ಅಪ್ಪ ಮಧ್ಯಾಹ್ನದ ಬಸ್ಸು ಹತ್ತಿದ, ಬಸ್ಸಿನಲ್ಲಿ ಅಭ್ಯಾಸದಂತೆ ತೂಕಡಿಸಿದ. ಲ್ಯಾಬಿನ ಬಾಗಿಲಲ್ಲಿ ಬಂದು ನಿಂತಾಗ ಅವನ ಎರಡೂ ಕೈ ಹೊಟ್ಟೆಯ ಮೇಲಿದ್ದವು. ಕಣ್ಣು ಅರ್ಧ ಮುಚ್ಚಿತ್ತು. ತುಟಿ ಎಡಗಡೆಗೆ ಒಂಚೂರು ಮೇಲಿತ್ತು.

ಇವರು ಯಾರು ಅಂತ ಲೆಕ್ಚರರ್ ಹೇಳಲು ಬಾಯಿ ತೆರೆದರು. ಮೇಡಂ ಕೈ ಎತ್ತಿ ತಡೆದರು. ಅಪ್ಪನನ್ನು ನೋಡಿದರು, ಮೇಜಿನ ಮೇಲಿನ ಕಪ್ಪೆಗಳನ್ನು ನೋಡಿದರು, ಮತ್ತೆ ಅಪ್ಪನನ್ನು ನೋಡಿ ಎದ್ದು ನಿಂತರು.

"ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ. ಬೆಳಗ್ಗೆಯಿಂದ ನಿಮ್ಮನ್ನೇ ನೋಡ್ತಾ ಇದ್ದೀನಿ."

ಆಗ ನನಗೂ ಕಂಡಿತು. ಮೇಜಿನ ಮೇಲೆ ಇಪ್ಪತ್ತೊಂಬತ್ತು ಅಪ್ಪಂದಿರು ಅಂಗಾತ ಮಲಗಿದ್ದರು. ಕಿಗ್ಗದ ಸಿಂಹ, ಶೃಂಗೇರಿಯ ರಾಕ್ಷಸ, ಶಿರಸ್ತೇದಾರರು, ಆ ಮೂರು ತ್ರಿಕೋನ, ಎಲ್ಲವೂ ಅಪ್ಪನೇ. ಊರೆಲ್ಲ ಹುಡುಕುತ್ತಿದ್ದ ನನ್ನತನ ಅಂಗಡಿಯ ಸ್ಟೂಲಿನ ಮೇಲೆ ಉಂಡು ಕೂತಿತ್ತು. ನಗು, ಅಳು ಎರಡೂ ಒಟ್ಟಿಗೇ ಬಂದವು.

ಅಪ್ಪನಿಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಎಲ್ಲರ ಕಪ್ಪೆಯನ್ನೂ ನಿಮ್ಮ ಮಗಳೇ ಬರೆದಿದ್ದಾಳೆ ಅನ್ನುತ್ತಾರಲ್ಲ, ನೀವೇನು ಹೇಳುತ್ತೀರಿ ಅಂತ ಲೆಕ್ಚರರ್ ಕೇಳಿದರು. ಪಾಪ, ಇಲ್ಲ ಅನ್ನಲಿ ಅಂತ ಅವರ ಆಸೆ. ಅಪ್ಪ ಕನ್ನಡಕ ಹಾಕಿಕೊಂಡು, ಕಾಲರ್ ನೋಡುವ ಹಾಗೆಯೇ ಒಂದೊಂದು ಕಪ್ಪೆಯನ್ನೂ ಬೆರಳಿನಿಂದ ಸವರಿ ನೋಡಿದ. ಎದೆಯುಬ್ಬಿಸಿ ನಿಂತ.

"ಅನುಮಾನವೇ ಬೇಡ ಸರ್. ಅಷ್ಟೂ ನಮ್ಮ ಹುಡುಗೀದೇ. ಕಟಿಂಗ್ ಒಂದೇ."

ನನ್ನನ್ನು ಉಳಿಸಲು ಬಂದವನು ಸಾಕ್ಷಿ ಹೇಳಿ ಕೂತ. ಮೇಡಂ ನಗು ತಡೆಯಲಾಗದೆ ಸೆರಗು ಬಾಯಿಗೆ ಹಿಡಿದರು. ಇಪ್ಪತ್ತೆಂಟು ಜನ ಅಲ್ಲೇ ಕೂತು ತಂತಮ್ಮ ಕಪ್ಪೆ ತಾವೇ ಬರೆಯಬೇಕೆಂದು ತೀರ್ಮಾನವಾಯಿತು. ಸಂಜೆಯ ಹೊತ್ತಿಗೆ ಹಲಸಿನಕಾಯಿಗೆ ಕಾಲು ಬಂದಂಥವು ಎಷ್ಟೋ ಹುಟ್ಟಿದ್ದವು. ನನ್ನ ರೆಕಾರ್ಡಿನ ಅಂಕ ನನಗೇ ಉಳಿಯಿತು, ಜೊತೆಗೆ ಒಂದು ಬೈಗುಳವೂ ಸಿಕ್ಕಿತು. ನನ್ನ ಕಪ್ಪೆಯ ಕೆಳಗೆ ಮೇಡಂ ಕೆಂಪು ಇಂಕಿನಲ್ಲಿ ಹೀಗೆ ಬರೆದು ಸಹಿ ಹಾಕಿದರು: ಇಪ್ಪತ್ತೊಂಬತ್ತೂ ಒಂದೇ ಕೈಯವು, ಎಲ್ಲಿ ಕಂಡರೂ ಗುರುತು ಹಿಡಿಯಬಹುದು.

ಬಸ್ಸು ಇಳಿದು ಸೀದಾ ಮೇಷ್ಟ್ರ ಮನೆಗೆ ಹೋದೆವು. ಮೇಷ್ಟ್ರು ಕೆಂಪು ಇಂಕನ್ನು ಓದಿದರು. ಕಪ್ಪೆಯನ್ನು ನೋಡಿದರು. ಕಾಫಿ ಕುಡಿದು ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದ ಅಪ್ಪನನ್ನು ಬಹಳ ಹೊತ್ತು ನೋಡಿದರು. ಶಿರಸ್ತೇದಾರರ ಪಟದಲ್ಲಿ ಇದ್ದದ್ದು ಯಾರು ಅಂತ ಈಗ ಗೊತ್ತಾಯಿತು ಅಂದು, ಒಳಗಿನಿಂದ ಹಾಳೆ ತಂದು, ನನ್ನ ಮುಂದೆಯೇ ಕಾಗದ ಬರೆದುಕೊಟ್ಟರು. ಈಕೆಗೆ ತನ್ನದೇ ಆದ ಶೈಲಿ ಇದೆ ಎಂಬುದು ಮೊದಲ ಸಾಲು.

ಮನೆ ಕಡೆ ನಡೆಯುವಾಗ ಕಾಗದ ಅಪ್ಪನ ಜೇಬಿನಲ್ಲಿತ್ತು. ನಾಲ್ಕು ಹೆಜ್ಜೆಗೊಮ್ಮೆ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ. ಶಿವಮೊಗ್ಗಕ್ಕೆ ಬೆಳಗ್ಗೆ ಎಷ್ಟು ಗಂಟೆಗೆ ಬಸ್ಸು ಅಂತಲೂ ವಿಚಾರಿಸಿದ. ಅಂಗಡಿಯ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ನಿಂತುಬಿಟ್ಟ.

"ಅಲ್ಲ ಮಾರಾಯ್ತಿ, ನಾನು ಹೋಗಿದ್ದೇ ಮಧ್ಯಾಹ್ನದ ಬಸ್ಸಿಗೆ. ಆ ಮೇಡಂ ಬೆಳಗ್ಗೆಯಿಂದ ನನ್ನನ್ನ ಎಲ್ಲಿ ನೋಡಿದ್ರು?"